ಮೂರ್ ನಿಯಮ: ಅದು ನಿಯಮವೇ?

ಐಸಿ, ಅಂದರೆ ಸಂಕಲಿತ ಮಂಡಲದ ಪಾಠದ ಕೊನೆಯಲ್ಲಿ 'ಮೂರ್ ನಿಯಮ' ಬಂದೇ ಬರುತ್ತದೆ: ಚಿಪ್‌ನಲ್ಲಿರುವ ಟ್ರಾನ್ಸಿಸ್ಟರುಗಳ ಸಂಖ್ಯೆ 18 ತಿಂಗಳಿಗೊಮ್ಮೆ ಇಮ್ಮಡಿಯಾಗುತ್ತದೆ. ವಿದ್ಯಾರ್ಥಿಗಳು ಇದನ್ನು ಓಮ್ ನಿಯಮದ ಸಾಲಿನಲ್ಲೇ ಬರೆದಿಟ್ಟುಕೊಳ್ಳುತ್ತಾರೆ. ಮೂಲ ಲೇಖನವನ್ನು ಓದಿದವರು ವಿರಳ. ನಾಲ್ಕೇ ಪುಟಗಳ ಆ ಲೇಖನವನ್ನು ಇಲ್ಲಿ ವಿಮರ್ಶಿಸೋಣ.

ಗಾರ್ಡನ್ ಮೂರ್ ಅದನ್ನು ಬರೆದದ್ದು ಅಮೆರಿಕದ 'ಎಲೆಕ್ಟ್ರಾನಿಕ್ಸ್' ಪತ್ರಿಕೆಯ 1965ರ ಏಪ್ರಿಲ್ 19ರ ಸಂಚಿಕೆಗೆ. ಆಗ ಅವರು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಂಪನಿಯ ಸಂಶೋಧನಾ ನಿರ್ದೇಶಕರು. ಐಸಿಗೆ ಇನ್ನೂ ಏಳು ವರ್ಷ. 1958ರಲ್ಲಿ ಜಾಕ್ ಕಿಲ್ಬಿ ಟ್ರಾನ್ಸಿಸ್ಟರ್, ರೋಧಕ, ಧಾರಕಗಳನ್ನು ಒಂದೇ ಜರ್ಮೇನಿಯಂ ತುಣುಕಿನಲ್ಲಿ ರೂಪಿಸಿದ್ದರು. ಆದರೆ ಅವುಗಳ ನಡುವೆ ತಂತಿಗಳನ್ನು ಹೊರಗಿನಿಂದ ಜೋಡಿಸಬೇಕಿತ್ತು. 1959ರಲ್ಲಿ ರಾಬರ್ಟ್ ನಾಯ್ಸ್, ಜೀನ್ ಹೋರ್ನಿಯವರ ಸಮತಲ ವಿಧಾನವನ್ನು ಆಧರಿಸಿ, ಸಿಲಿಕಾನಿನ ಆಕ್ಸೈಡ್ ಪದರದ ಮೇಲೆ ಲೋಹದ ಪಟ್ಟಿಗಳನ್ನೇ ಹಾಸಿ ಜೋಡಿಸುವ ದಾರಿ ತೋರಿಸಿದರು. ಘಟಕಗಳ ಜೊತೆಗೆ ಜೋಡಣೆಯೂ ಚಿಪ್‌ನ ಮೇಲೆಯೇ ರೂಪುಗೊಳ್ಳತೊಡಗಿದಾಗ, ಒಂದು ಚಿಪ್‌ನಲ್ಲಿ ಎಷ್ಟು ಘಟಕಗಳಿದ್ದರೆ ಲಾಭ ಎಂಬ ಪ್ರಶ್ನೆ ಎದ್ದಿತು.

ಲೇಖನದ ತಿರುಳು ಇದೇ. ಘಟಕಗಳು ಕಡಿಮೆಯಿದ್ದರೆ ಕವಚದ ಖರ್ಚು ಕೆಲವೇ ಘಟಕಗಳ ಮೇಲೆ ಬೀಳುತ್ತದೆ. ತೀರ ಹೆಚ್ಚಾದರೆ ದೋಷಗಳಿಂದ ಹೆಚ್ಚು ಚಿಪ್‌ಗಳು ವ್ಯರ್ಥವಾಗುತ್ತವೆ. ಇವೆರಡರ ನಡುವೆ ಪ್ರತಿ ಘಟಕದ ವೆಚ್ಚ ಕನಿಷ್ಠವಾಗುವ ಒಂದು ಬಿಂದುವಿದೆ. 1965ರಲ್ಲಿ ಅದು ಸುಮಾರು 50 ಘಟಕಗಳು. ಈ ಸಂಖ್ಯೆ ವರ್ಷಕ್ಕೊಮ್ಮೆ ಇಮ್ಮಡಿಯಾಗಿ 1975ಕ್ಕೆ 65,000 ಆದೀತೆಂದು ಮೂರ್ ಊಹಿಸಿದರು. 1959ರ ಒಂದು ಘಟಕವನ್ನು 16 ಬಾರಿ ಇಮ್ಮಡಿಸಿ ನೋಡಿ, 65,536 ಬರುತ್ತದೆ. ಲೇಖನದಲ್ಲಿ 18 ತಿಂಗಳ ಮಾತೂ ಇಲ್ಲ, 'ನಿಯಮ' ಎಂಬ ಹೆಸರೂ ಇಲ್ಲ. 1975ರಲ್ಲಿ ಮೂರ್ ಅವರೇ ಅವಧಿಯನ್ನು ಎರಡು ವರ್ಷಕ್ಕೆ ತಿದ್ದಿದರು. ಓಮ್ ನಿಯಮವೂ ಪ್ರಯೋಗದಿಂದ ಬಂದದ್ದೇ. ಆದರೆ ಅದು ಹೇಳುವುದು ವಸ್ತುವಿನ ಗುಣವನ್ನು. ಇದು ಹೇಳುವುದು ಕಾರ್ಖಾನೆಯ ಲೆಕ್ಕವನ್ನು.

ಬೆರಳೆಣಿಕೆಯ ಬಿಂದುಗಳಿಂದ ಮನೆಗಣಕವನ್ನೂ ಕೈಯಲ್ಲೊಯ್ಯುವ ಸಂಪರ್ಕ ಸಾಧನವನ್ನೂ ಊಹಿಸಿದ್ದು ಲೇಖನದ ಹಿರಿಮೆ. ಅದರ ದುರ್ಬಲ ಭಾಗ ಶಾಖದ ಚರ್ಚೆ. ಘಟಕಗಳು ಕಿರಿದಾದಂತೆ, ಒಂದು ಚದರಳತೆಯಲ್ಲಿ ವ್ಯಯವಾಗುವ ವಿದ್ಯುತ್ ಏರದೆಯೇ ವೇಗ ಹೆಚ್ಚಿಸಬಹುದು ಎಂದು ಅದನ್ನು ಚುಟುಕಾಗಿ ಮುಗಿಸಿದರು. ದಶಕಗಳ ಕಾಲ ಹಾಗೆಯೇ ನಡೆಯಿತು. ಆದರೆ 2005ರ ಸುಮಾರಿಗೆ ಸೋರಿಕೆ ಪ್ರವಾಹ ಹೆಚ್ಚಿ, ವೋಲ್ಟೇಜನ್ನು ಇನ್ನಷ್ಟು ಇಳಿಸುವುದು ಕಷ್ಟವಾಯಿತು. ಚಿಪ್‌ನ ವೇಗ ಮೊದಲಿನಂತೆ ಏರಲಿಲ್ಲ. ಟ್ರಾನ್ಸಿಸ್ಟರುಗಳನ್ನು ಹಲವು ಕೋರ್‌ಗಳಿಗೆ ಹಂಚಬೇಕಾಯಿತು.

'ನಿಯಮ' ಎಂದೊಡನೆ ಪ್ರಗತಿ ತಾನಾಗಿಯೇ ಆಗುತ್ತದೆ ಎಂಬ ಭಾವನೆ ಮೂಡುತ್ತದೆ. ಆ ರೇಖೆಯನ್ನು ಮೇಲೆತ್ತಿದ್ದು ಸಾವಿರಾರು ಭೌತವಿಜ್ಞಾನಿಗಳ, ಎಂಜಿನಿಯರುಗಳ ದುಡಿಮೆ. ಆದ್ದರಿಂದ ಶಿಕ್ಷಕರೇ, ಮುಂದಿನ ಬಾರಿ ಈ ಪಾಠ ಮಾಡುವಾಗ ಇಮ್ಮಡಿಯ ಸೂತ್ರಕ್ಕೆ ಮೊದಲು ವೆಚ್ಚದ ವಕ್ರರೇಖೆಯನ್ನು ಹಲಗೆಯ ಮೇಲೆ ಬರೆಯಿರಿ. ಅದು ಕೆಳಗಿಳಿದು ಮತ್ತೆ ಮೇಲೇರುವುದೇಕೆ ಎಂದು ಕೇಳಿರಿ. ಐಸಿಯ ಕಥೆ ಆ ಪ್ರಶ್ನೆಯಿಂದ ಆರಂಭವಾಗಲಿ.