ಪೆಟ್ಟಿಗೆಯ ಮೇಲಿನ 1200: ರೂಟರ್ ಬರಹಗಳ ಒಂದು ವಿಮರ್ಶೆ

ಪುಸ್ತಕಗಳನ್ನು ವಿಮರ್ಶಿಸುವ ವಾಡಿಕೆ ನಮ್ಮಲ್ಲಿದೆ. ಆದರೆ ಉಪಕರಣಗಳ ಜೊತೆ ಬರುವ ಬರಹಗಳನ್ನು ಯಾರೂ ವಿಮರ್ಶಿಸುವುದಿಲ್ಲ. ಪೆಟ್ಟಿಗೆಯ ಮೇಲಿನ ಸಂಖ್ಯೆ, ಒಳಗಿನ ಕರಪತ್ರ, ಹೊಂದಾಣಿಕೆಯ ಪುಟ ಇವೂ ಬರಹಗಳೇ. ಇವನ್ನು ನಂಬಿ ಜನ ಹಣ ಕೊಡುತ್ತಾರೆ. ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಾಗಲಿ ಫೈಬರ್ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡವರ ದೂರು ಸಾಮಾನ್ಯವಾಗಿ ಒಂದೇ: ಪಡಸಾಲೆಯಲ್ಲಿ ಚೆನ್ನಾಗಿ ಬರುತ್ತದೆ, ಒಳಕೋಣೆಯಲ್ಲಿ ಬರುವುದಿಲ್ಲ. ಪರೀಕ್ಷೆಗೆ ಓದುವ ಮಗು ಕೂರುವುದು ಒಳಕೋಣೆಯಲ್ಲಿ. ಮನೆಯವರು ಹೆಚ್ಚು ಬೆಲೆಯ ಯೋಜನೆಗೆ ಬದಲಾಗುತ್ತಾರೆ. ತಿಂಗಳ ಖರ್ಚು ಏರುತ್ತದೆ, ಒಳಕೋಣೆ ಮಾತ್ರ ಹಾಗೆಯೇ ಉಳಿಯುತ್ತದೆ. ಏಕೆ ಹೀಗೆ? ರೂಟರಿನ ಬರಹಗಳು ಈ ಪ್ರಶ್ನೆಗೆ ಉತ್ತರಿಸುತ್ತವೆಯೇ ಎಂದು ನೋಡೋಣ.

ತಂತು ಮುಗಿಯುವ ಜಾಗ

ಮೊದಲು ಮೆಚ್ಚಬೇಕಾದುದನ್ನು ಮೆಚ್ಚೋಣ. ಗಾಜಿನ ಎಳೆಯ ಮೂಲಕ ಬಹುದೂರ ಸಂದೇಶ ಕಳಿಸಬಹುದೆಂದು ಚಾರ್ಲ್ಸ್ ಕಾವ್ 1966ರಲ್ಲಿ ತೋರಿಸಿಕೊಟ್ಟರು. ಅದಕ್ಕಾಗಿ 2009ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಬಂತು. ಇಂದು ಮನೆಗಳಿಗೆ ಬರುವ ದ್ಯುತಿತಂತುವಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆ ಸೆಕೆಂಡಿಗೆ 2.488 ಗಿಗಾಬಿಟ್ ಮಾಹಿತಿಯನ್ನು ಮನೆಯ ಕಡೆಗೆ ತರುತ್ತದೆ. ಬರುವ ಬೆಳಕಿನ ತರಂಗದೂರ 1490 ನ್ಯಾನೋಮೀಟರ್, ಹೋಗುವ ಬೆಳಕಿನದು 1310. ಒಂದೇ ಎಳೆಯಲ್ಲಿ ಎರಡೂ ಸಾಗುತ್ತವೆ.

ಈ 2.488 ಗಿಗಾಬಿಟ್ ಒಂದೇ ಮನೆಯ ಸ್ವತ್ತಲ್ಲ. ದಾರಿಯಲ್ಲಿ ಬೆಳಕನ್ನು ಹಂಚುವ ಸಾಧನವಿದ್ದು, 32 ಅಥವಾ 64 ಮನೆಗಳು ಅದನ್ನು ಹಂಚಿಕೊಳ್ಳಬಹುದು. ಆದ್ದರಿಂದಲೇ ಯೋಜನೆಯ ಕರಪತ್ರದಲ್ಲಿ ‘100 ಎಂಬಿಪಿಎಸ್ ವರೆಗೆ’ ಎಂದಿರುತ್ತದೆ. ‘ವರೆಗೆ’ ಎಂಬ ಪದ ಸಣ್ಣ ಅಕ್ಷರದಲ್ಲಿರುತ್ತದೆ, 100 ದೊಡ್ಡದಾಗಿರುತ್ತದೆ. ಇನ್ನೊಂದು ವಿಷಯ: ಇದು ಮೆಗಾಬಿಟ್, ಮೆಗಾಬೈಟ್ ಅಲ್ಲ. 8 ಬಿಟ್‌ಗೆ ಒಂದು ಬೈಟ್. 100 ಮೆಗಾಬಿಟ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್. 125 ಮೆಗಾಬೈಟಿನ ಕಡತ ಇಳಿಯಲು ಕನಿಷ್ಠ 10 ಸೆಕೆಂಡು ಬೇಕು. ಒಂದೇ ಸೆಕೆಂಡಿನಲ್ಲಿ ಆಗುತ್ತದೆಂದು ಗ್ರಾಹಕ ಭಾವಿಸಿದರೆ ತಪ್ಪು ಅವನದಲ್ಲ.

ತಂತು ಗೋಡೆಯ ಪೆಟ್ಟಿಗೆಯಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದಿನ ಹತ್ತಿಪ್ಪತ್ತು ಅಡಿ ರೇಡಿಯೋ ತರಂಗದ ಪಾಲು. ದೂರು ಹುಟ್ಟುವುದು ಬಹುಮಟ್ಟಿಗೆ ಈ ಹತ್ತಿಪ್ಪತ್ತು ಅಡಿಗಳಲ್ಲೇ.

1200 ಎಲ್ಲಿಂದ ಬಂತು?

ಅಂಗಡಿಯಲ್ಲಿ ‘ಎಸಿ 1200’ ಎಂದು ಬರೆದ ರೂಟರುಗಳು ಸಿಗುತ್ತವೆ. ಈ ಸಂಖ್ಯೆ ಒಂದು ಸಂಕಲನದ ಫಲ. ರೂಟರಿನಲ್ಲಿ ಎರಡು ರೇಡಿಯೋಗಳಿವೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗರಿಷ್ಠ 300, 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗರಿಷ್ಠ 867. ಎರಡನ್ನೂ ಕೂಡಿಸಿದರೆ 1167. ಅದನ್ನು ಮೇಲಕ್ಕೆ ದುಂಡಾಗಿಸಿದರೆ 1200. ಸಾಮಾನ್ಯ ಮೊಬೈಲ್ ಫೋನು ಒಂದು ಸಮಯಕ್ಕೆ ಒಂದು ಪಟ್ಟಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಎರಡು ರಸ್ತೆಗಳ ವೇಗಮಿತಿಗಳನ್ನು ಕೂಡಿಸಿ ಬಸ್ಸಿನ ವೇಗ ಹೇಳಿದಂತೆ ಇದು.

ಆ ಬಿಡಿ ಸಂಖ್ಯೆಗಳೂ ಪ್ರಯೋಗಾಲಯದವು. 867 ಸಿಗಲು 80 ಮೆಗಾಹರ್ಟ್ಸ್ ಅಗಲದ ಚಾನೆಲ್ ಬೇಕು, ಎರಡೂ ಬದಿಯಲ್ಲಿ ಎರಡೆರಡು ಆಂಟೆನಾ ಬೇಕು, ಸಂಕೇತ ಬಹಳ ಪ್ರಬಲವಾಗಿರಬೇಕು. ಒಂದೇ ಆಂಟೆನಾ ಇರುವ ಫೋನಿಗೆ ಗರಿಷ್ಠ 433. ಜೊತೆಗೆ ನಿಸ್ತಂತು ಜಾಲದಲ್ಲಿ ಎಲ್ಲ ಸಾಧನಗಳೂ ಸರದಿಯಂತೆ ಮಾತಾಡಬೇಕು. ಸರದಿ ಕಾಯಲು, ‘ತಲುಪಿತು’ ಎಂದು ತಿಳಿಸಲು ಸಮಯ ಖರ್ಚಾಗುತ್ತದೆ. ಹೀಗಾಗಿ ನಿಜವಾಗಿ ಸಿಗುವುದು ಹೇಳಿದ್ದರ ಅರ್ಧ ಅಥವಾ ಸ್ವಲ್ಪ ಹೆಚ್ಚು.

300ರ ಕಥೆಯೂ ಹೀಗೆಯೇ. ಅದಕ್ಕೆ 40 ಮೆಗಾಹರ್ಟ್ಸ್ ಅಗಲ ಬೇಕು. 2.4 ಗಿಗಾಹರ್ಟ್ಸ್ ಪಟ್ಟಿಯ ಒಟ್ಟು ಅಗಲವೇ 83.5 ಮೆಗಾಹರ್ಟ್ಸ್. ಅಲ್ಲಿ ಒಂದರ ಮೇಲೊಂದು ಬೀಳದ, 20 ಮೆಗಾಹರ್ಟ್ಸ್ ಅಗಲದ ಚಾನೆಲುಗಳು ಮೂರೇ: 1, 6 ಮತ್ತು 11. ಬೆಟಗೇರಿಯ ನೇಕಾರರ ಓಣಿಗಳಂತೆ ಮನೆಗೆ ಮನೆ ಅಂಟಿಕೊಂಡಿರುವಲ್ಲಿ ಒಬ್ಬರೇ 40 ಮೆಗಾಹರ್ಟ್ಸ್ ಹಿಡಿದರೆ ನೆರೆಯವರಿಗೂ ತೊಂದರೆ, ತಮಗೂ ತೊಂದರೆ. ಅಲ್ಲಿ 20 ಮೆಗಾಹರ್ಟ್ಸ್ ಇಟ್ಟುಕೊಂಡು, ಮೂರರಲ್ಲಿ ಕಡಿಮೆ ಜನ ಬಳಸುವ ಚಾನೆಲನ್ನು ಆರಿಸುವುದೇ ಸರಿ.

ಇನ್ನೂ ಬೇಸರದ ಸಂಗತಿಯೆಂದರೆ, 1200 ಎಂದು ಬರೆದ ಕೆಲವು ಕಡಿಮೆ ಬೆಲೆಯ ರೂಟರುಗಳ ಹಿಂಬದಿಯ ಕಿಂಡಿಗಳ ಸಾಮರ್ಥ್ಯ 100 ಮೆಗಾಬಿಟ್ ಮಾತ್ರ. ಇಂಟರ್‌ನೆಟ್ ಒಳಬರುವುದು ಆ ಕಿಂಡಿಯಿಂದಲೇ. 200 ಅಥವಾ 300 ಮೆಗಾಬಿಟ್ ಯೋಜನೆಗೆ ಹಣ ಕಟ್ಟುವವರಿಗೂ ಅಂಥ ರೂಟರಿನಲ್ಲಿ ಸುಮಾರು 95ಕ್ಕಿಂತ ಹೆಚ್ಚು ಸಿಗದು. ಕೊಳ್ಳುವಾಗ ಕಿಂಡಿ ‘ಗಿಗಾಬಿಟ್’ ಹೌದೇ ಎಂದು ಕೇಳಿ. ಇದು ಪೆಟ್ಟಿಗೆಯ ಮುಂಭಾಗದಲ್ಲಿ ಇರಬೇಕಾದ ಮಾತು. ಇರುವುದು ಬದಿಯ ಸಣ್ಣ ಪಟ್ಟಿಯಲ್ಲಿ.

ಗೋಡೆಯ ಮಾತೇ ಇಲ್ಲ

ಕರಪತ್ರದ ಚಿತ್ರಗಳಲ್ಲಿ ರೂಟರು ಒಂದು ವಿಶಾಲ ಕೋಣೆಯ ಮೇಜಿನ ಮೇಲಿರುತ್ತದೆ. ಗೋಡೆಗಳು ತೆಳು. ನಮ್ಮ ಮನೆಗಳು ಹಾಗಿಲ್ಲ. ಗದಗ ಸೀಮೆಯ ಹಳೆಯ ಮೇಲ್ಮುದ್ದೆ ಮನೆಗಳ ಕಲ್ಲು-ಮಣ್ಣಿನ ಗೋಡೆ ಎರಡಡಿ ದಪ್ಪವಿರುವುದು ಅಪರೂಪವಲ್ಲ. ಹೊಸ ಮನೆಗಳಲ್ಲಿ ಕಾಂಕ್ರೀಟು, ಅದರೊಳಗೆ ಕಬ್ಬಿಣದ ಜಾಲ. ಕೆಲವೆಡೆ ತಗಡಿನ ಮಾಡು.

ಇಲ್ಲಿ ಭೌತವಿಜ್ಞಾನದ ಪಾಠ ಉಪಯೋಗಕ್ಕೆ ಬರುತ್ತದೆ. 2.4 ಗಿಗಾಹರ್ಟ್ಸ್ ತರಂಗದ ತರಂಗದೂರ 12.5 ಸೆಂ.ಮೀ. 5.5 ಗಿಗಾಹರ್ಟ್ಸ್‌ನದು ಸುಮಾರು 5.5 ಸೆಂ.ಮೀ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸಂಕೇತ 6 ಡೆಸಿಬೆಲ್ ಕುಗ್ಗುತ್ತದೆ, ಅಂದರೆ ನಾಲ್ಕನೆಯ ಒಂದು ಭಾಗವಾಗುತ್ತದೆ. ಒಂದೇ ಬಗೆಯ ಆಂಟೆನಾ ಬಳಸಿದರೆ, ಅದೇ ದೂರದಲ್ಲಿ 5.5 ಗಿಗಾಹರ್ಟ್ಸ್ ಸಂಕೇತ 2.4ರದ್ದಕ್ಕಿಂತ ಸುಮಾರು 7 ಡೆಸಿಬೆಲ್ ಕಡಿಮೆ, ಅಂದರೆ ಐದನೆಯ ಒಂದು ಭಾಗ. ಗೋಡೆ ನುಂಗುವುದು ಇದಕ್ಕೆ ಸೇರುತ್ತದೆ. ಗೋಡೆ ದಪ್ಪವಾದಷ್ಟೂ, ಮಣ್ಣಿನಲ್ಲಿ ತೇವ ಹೆಚ್ಚಾದಷ್ಟೂ ನಷ್ಟ ಹೆಚ್ಚು. ಲೋಹದ ತಗಡು ತರಂಗವನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ 5 ಗಿಗಾಹರ್ಟ್ಸ್ ಒಂದೇ ಕೋಣೆಯಲ್ಲಿ ವೇಗ ಕೊಡುತ್ತದೆ, 2.4 ಗೋಡೆ ದಾಟಿ ಹೋಗುತ್ತದೆ. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು, ಎಲ್ಲಿ ಯಾವುದು ಬೇಕೋ ಅದನ್ನು ಬಳಸಬಹುದು.

ತಂತು ತರುವವರು ಸಾಮಾನ್ಯವಾಗಿ ಅದು ಮನೆಯೊಳಗೆ ಬರುವ ಕಿಟಕಿಯ ಪಕ್ಕದಲ್ಲೇ ಪೆಟ್ಟಿಗೆ ಕೂರಿಸುತ್ತಾರೆ. ಅರ್ಧ ಸಂಕೇತ ಬೀದಿಗೆ ಹೋಗುತ್ತದೆ. ರೂಟರು ಮನೆಯ ನಡುವೆ, ಆಳೆತ್ತರದಲ್ಲಿ, ಕಬ್ಬಿಣದ ಕಪಾಟು, ನೀರಿನ ತೊಟ್ಟಿ, ಮೈಕ್ರೋವೇವ್ ಒಲೆಗಳಿಂದ ದೂರವಿರಬೇಕು. ತಂತುವನ್ನು ಇನ್ನಷ್ಟು ಒಳಗೆ ಎಳೆಸಿಕೊಳ್ಳಿ. ಬಾಗಿಸುವಾಗ 3 ಸೆಂ.ಮೀ.ಗಿಂತ ಕಡಿಮೆ ತ್ರಿಜ್ಯ ಬೇಡ, ಬೆಳಕು ಸೋರುತ್ತದೆ. ದಪ್ಪ ಗೋಡೆಯ ಆಚೆಗೆ ಬೇಕಿದ್ದರೆ ತಾಮ್ರದ ಈಥರ್‌ನೆಟ್ ತಂತಿ ಎಳೆದು ಅಲ್ಲಿ ಎರಡನೆಯ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಆಗಿ ಇಡುವುದು ಉತ್ತಮ. ಈ ತಂತಿ 100 ಮೀಟರ್‌ವರೆಗೆ ಕೆಲಸ ಮಾಡುತ್ತದೆ. ಅಗ್ಗದ ‘ರಿಪೀಟರ್’ ಒಂದೇ ರೇಡಿಯೋದಲ್ಲಿ ಕೇಳಿ ಮತ್ತೆ ಹೇಳುವುದರಿಂದ ವೇಗ ಅರ್ಧವಾಗುತ್ತದೆ. ಅದರ ಪೆಟ್ಟಿಗೆಯಲ್ಲೂ ಈ ಮಾತು ಕಾಣುವುದು ಅಪರೂಪ.

8000 ಎಂಬ ಇನ್ನೊಂದು ಸಂಖ್ಯೆ

ಕರೆಂಟು ಹೋದರೆ ಗಾಜಿನ ತಂತುವಿನಿಂದ ಪ್ರಯೋಜನವಿಲ್ಲ. ಹಳೆಯ ದೂರವಾಣಿಯ ತಾಮ್ರದ ತಂತಿ ವಿನಿಮಯ ಕೇಂದ್ರದಿಂದಲೇ ವಿದ್ಯುತ್ ತರುತ್ತಿತ್ತು, ದ್ಯುತಿತಂತು ತರುವುದಿಲ್ಲ. ಅದಕ್ಕೆಂದು ಪುಟ್ಟ ಯುಪಿಎಸ್‌ಗಳು ಬಂದಿವೆ. ಅವುಗಳ ಮೇಲೆ ‘8000 ಎಂಎಎಚ್’ ಎಂದಿರುತ್ತದೆ. ರೂಟರು 12 ವೋಲ್ಟಿನದು, 1 ಆಂಪಿಯರ್ ಎಳೆಯುತ್ತದೆ, ಆದ್ದರಿಂದ 8 ಗಂಟೆ ನಡೆಯಬೇಕು ಎಂದು ವಿದ್ಯಾರ್ಥಿ ಲೆಕ್ಕ ಹಾಕುತ್ತಾನೆ. ನಡೆಯುವುದಿಲ್ಲ. 8000 ಎಂಬುದು ಸಾಮಾನ್ಯವಾಗಿ ಒಳಗಿನ 3.7 ವೋಲ್ಟ್ ಕೋಶಗಳ ಲೆಕ್ಕ. 8 ಆಂಪಿಯರ್-ಗಂಟೆಯನ್ನು 3.7ರಿಂದ ಗುಣಿಸಿದರೆ 29.6 ವ್ಯಾಟ್-ಗಂಟೆ. ವೋಲ್ಟೇಜ್ ಏರಿಸುವಾಗಿನ ನಷ್ಟ ಕಳೆದರೆ ಸುಮಾರು 24. ರೂಟರು ಮತ್ತು ತಂತುಪೆಟ್ಟಿಗೆ ಸೇರಿ 12 ವ್ಯಾಟ್ ಬಳಸಿದರೆ 2 ಗಂಟೆ. ವ್ಯಾಟ್-ಗಂಟೆಯನ್ನೇ ಮುದ್ರಿಸಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ.

ಸಣ್ಣ ಅಕ್ಷರದ ದೊಡ್ಡ ವಿಷಯ

ಹೊಂದಾಣಿಕೆಯ ಪುಟ ತೆರೆಯಲು ಬಳಸುವ ಪಾಸ್‌ವರ್ಡು ಬೇರೆ, ವೈ-ಫೈ ಪಾಸ್‌ವರ್ಡು ಬೇರೆ. ಜನ ಎರಡನೆಯದನ್ನು ಬದಲಿಸುತ್ತಾರೆ, ಮೊದಲನೆಯದನ್ನು ‘ಅಡ್ಮಿನ್’ ಎಂದೇ ಬಿಡುತ್ತಾರೆ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡುಗಳನ್ನೇ ಬಳಸಿ ಜಗತ್ತಿನಾದ್ಯಂತ ರೂಟರು, ಕ್ಯಾಮೆರಾಗಳನ್ನು ವಶಪಡಿಸಿಕೊಂಡಿತು. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಗ್ರಾಹಕರ ಮೋಡೆಮುಗಳ ಮೇಲೆ ದಾಳಿಯಾದಾಗ ಪೆಟ್ಟು ತಿಂದವು ಪಾಸ್‌ವರ್ಡು ಬದಲಿಸದಿದ್ದವೇ. ಕೂಡಲೇ ಬದಲಿಸುವಂತೆ ಸಂಸ್ಥೆ ಎಲ್ಲರಿಗೂ ಸೂಚಿಸಿತು. ಇಷ್ಟು ಮುಖ್ಯ ವಿಷಯವನ್ನು ಕರಪತ್ರದ ಕೊನೆಯ ಪುಟದಲ್ಲಿ ಇಡುವುದು ಸರಿಯಲ್ಲ. ಮಾಡಬೇಕಾದ್ದು ಮೂರೇ: ಆ ಪಾಸ್‌ವರ್ಡು ಬದಲಿಸುವುದು, ಭದ್ರತೆಯನ್ನು ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3ಕ್ಕೆ ಇಡುವುದು, ಡಬ್ಲ್ಯುಪಿಎಸ್ ಗುಂಡಿಯ ಸೌಲಭ್ಯವನ್ನು ಆರಿಸುವುದು.

ತಿರುಳುಗನ್ನಡದ ನಾಡಿನಲ್ಲಿ

ಈ ಬರಹಗಳ ಇನ್ನೊಂದು ಕೊರತೆ ಭಾಷೆಯದು. ಹೊಂದಾಣಿಕೆಯ ಪುಟ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದ ತಿರುಳು ಸೀಮೆಯನ್ನು ಗುರುತಿಸಲು 9ನೇ ಶತಮಾನದ ‘ಕವಿರಾಜಮಾರ್ಗ’ ಹೆಸರಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ಇಂದಿನ ಲಕ್ಷ್ಮೇಶ್ವರ. ಅಲ್ಲಿನ ಗೃಹಿಣಿಯೊಬ್ಬರು ತಮ್ಮದೇ ಮನೆಯ ಉಪಕರಣದ ಪಾಸ್‌ವರ್ಡು ಬದಲಿಸಲು ಇನ್ನೊಬ್ಬರನ್ನು ಕಾಯಬೇಕಾಗಿದೆ. ಕಾಯುವಷ್ಟು ದಿನವೂ ಆ ಮನೆಯ ಬಾಗಿಲು ತೆರೆದೇ ಇರುತ್ತದೆ. ಕನ್ನಡದ ಕರಪತ್ರ ಎಂದರೆ ಇಂಗ್ಲಿಷ್ ಪದಗಳಿಗೆಲ್ಲ ಕಠಿಣ ಪದ ಕಟ್ಟುವುದಲ್ಲ. ರೂಟರು, ಚಾನೆಲು, ಪಾಸ್‌ವರ್ಡು ಎಲ್ಲರಿಗೂ ಗೊತ್ತು. ‘ಏನು ಮಾಡಬೇಕು, ಏಕೆ ಮಾಡಬೇಕು’ ಎಂಬ ವಾಕ್ಯಗಳು ಕನ್ನಡದಲ್ಲಿ ಬೇಕು.

ತರಗತಿಯಲ್ಲಿ ಒಂದು ಪರೀಕ್ಷೆ

ಶಿಕ್ಷಕರು ಇದನ್ನು ಒಂದು ಪ್ರಯೋಗವಾಗಿ ಮಾಡಿಸಬಹುದು. ಬಲ ಅಳೆಯುವ ಉಚಿತ ತಂತ್ರಾಂಶಗಳು ಫೋನಿಗೆ ಸಿಗುತ್ತವೆ. ರೂಟರಿನಿಂದ 1, 2, 4, 8 ಮೀಟರ್ ದೂರದಲ್ಲಿ ಡಿಬಿಎಂ ಗುರುತಿಸಿ, ಎರಡೂ ಪಟ್ಟಿಗಳಲ್ಲಿ ನಕ್ಷೆ ಬರೆಯಿರಿ. ಗೋಡೆಯ ಆಚೆ ಈಚೆ ಅಳೆದು ವ್ಯತ್ಯಾಸ ತೆಗೆಯಿರಿ. ಅದೇ ಆ ಗೋಡೆಯ ನಷ್ಟ. ಮೈನಸ್ 67ಕ್ಕಿಂತ ಉತ್ತಮವಿದ್ದರೆ ವಿಡಿಯೋ ಪಾಠಕ್ಕೆ ಸಾಕು. ಮೈನಸ್ 80ಕ್ಕೆ ಇಳಿದರೆ ತೊಡಕು. ಬಳಿಕ ಲ್ಯಾಪ್‌ಟಾಪನ್ನು ತಂತಿಯಿಂದ ರೂಟರಿಗೆ ಸೇರಿಸಿ ವೇಗ ನೋಡಿ. ತಂತಿಯಲ್ಲಿ ವೇಗ ಸರಿಯಿದ್ದು ನಿಸ್ತಂತುವಿನಲ್ಲಿ ಕಡಿಮೆಯಿದ್ದರೆ ದೋಷ ಮನೆಯೊಳಗಿನದು. ದುಬಾರಿ ಯೋಜನೆ ಅದನ್ನು ತಿದ್ದದು. ತಂತಿಯಲ್ಲೇ ಕಡಿಮೆಯಿದ್ದರೆ ಮೊದಲು ರೂಟರಿನ ಕಿಂಡಿ ನೋಡಿ. ಅದೂ ಸರಿಯಿದ್ದರೆ ಸೇವೆ ಕೊಡುವವರನ್ನು ಧೈರ್ಯವಾಗಿ ಕೇಳಬಹುದು, ಕೈಯಲ್ಲಿ ಅಂಕಿ ಇರುತ್ತದೆ.

ಪೆಟ್ಟಿಗೆಯ ಮೇಲೆ ಇರಬೇಕಾದದ್ದು ನಾಲ್ಕು ಸಾಲು: ಪ್ರತಿ ಪಟ್ಟಿಯ ವೇಗ ಬೇರೆ ಬೇರೆಯಾಗಿ, ಕಿಂಡಿಯ ಸಾಮರ್ಥ್ಯ, ಬಳಸುವ ವ್ಯಾಟ್, ಒಂದು ದಪ್ಪ ಗೋಡೆಯ ಆಚೆ ನಿರೀಕ್ಷಿಸಬಹುದಾದ ವೇಗ. ತಯಾರಕರು ಅಳೆದು ಬರೆಯುವುದು ಕಷ್ಟದ ಕೆಲಸವೇನಲ್ಲ. ಅಲ್ಲಿಯವರೆಗೆ ಈ ನಾಲ್ಕು ಸಾಲನ್ನು ನಮ್ಮ ವಿದ್ಯಾರ್ಥಿಗಳೇ ಅಳೆದು, ಬರೆದು, ತಮ್ಮ ಓಣಿಯ ಮನೆಗಳಿಗೆ ತಿಳಿಸಲಿ.