ಕಡಿವಾಣದವರೆಗೆ ನೆತ್ತರು

ಕಾಳಗದ ವರ್ಣನೆ ಬಂದಾಗಲೆಲ್ಲ ನಮ್ಮ ಹಳೆಯ ಕವಿಗಳು ನೆತ್ತರ ಹೊಳೆಯನ್ನು ಹರಿಸುತ್ತಾರೆ. ಅದನ್ನೋದಿ ಯಾರೂ ಬೆಚ್ಚುವುದಿಲ್ಲ. ಅದು ಕವಿಸಮಯದಂತೆಂದು ತರಗತಿಯ ಹುಡುಗರಿಗೂ ಗೊತ್ತು. ಆದರೆ ಕವಿಯಲ್ಲದವನೊಬ್ಬ, ನಾನು ಅಲ್ಲಿದ್ದೆನೆಂದು ಹೇಳುವವನು, ಅದೇ ಹೊಳೆಯನ್ನು ಚರಿತ್ರೆಯಲ್ಲಿ ಹರಿಸಿದರೆ ಹೇಗೆ ಓದಬೇಕು?

ಮೊದಲನೆಯ ಕ್ರೂಸೇಡಿನ ಸೇನೆ ೧೦೯೯ರ ಜೂನ್ ೭ರಂದು ಜೆರೂಸಲೇಮನ್ನು ಮುತ್ತಿತು. ಜುಲೈ ೧೫ರಂದು ಕೋಟೆಯೊಳಕ್ಕೆ ನುಗ್ಗಿತು. ಹಿಂದಿನ ವರ್ಷವಷ್ಟೇ ಈಜಿಪ್ಟಿನ ಫಾತಿಮಿದರು ಊರನ್ನು ತುರ್ಕರಿಂದ ಕಸಿದುಕೊಂಡಿದ್ದರು. ಟೂಲೂಸಿನ ಕೌಂಟನ ಪಾದ್ರಿಯಾಗಿ ಸೇನೆಯ ಜೊತೆಗೆ ಬಂದಿದ್ದವನು ಆಗಿಲೇರಿನ ರೇಮಂಡ್. ದೇವಾಲಯದ ಆವರಣದಲ್ಲಿ ನೆತ್ತರು ಸವಾರರ ಮೊಣಕಾಲನ್ನೂ ಕುದುರೆಗಳ ಕಡಿವಾಣವನ್ನೂ ಮುಟ್ಟಿತ್ತೆಂದು ಈತ ಬರೆದಿಟ್ಟ. ಒಂಬೈನೂರು ವರ್ಷಗಳಿಂದ ಆ ಮಾತು ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತ ಬಂದಿದೆ.

ಇದು ಆಗದ ಮಾತೆಂದು ತಿಳಿಯಲು ದೊಡ್ಡ ಪಾಂಡಿತ್ಯ ಬೇಕಿಲ್ಲ. ಆದರೆ ಉತ್ಪ್ರೇಕ್ಷೆಯೆಂದು ತಳ್ಳಿಬಿಟ್ಟರೆ ವಿಮರ್ಶೆ ಮುಗಿಯುವುದಿಲ್ಲ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಹದಿನಾಲ್ಕನೆಯ ಅಧ್ಯಾಯವನ್ನು ತೆರೆದು ನೋಡಬೇಕು. ದೇವರ ಕೋಪವೆಂಬ ದ್ರಾಕ್ಷಿಯ ತೊಟ್ಟಿಯನ್ನು ತುಳಿದಾಗ ರಕ್ತ ಹೊರಟು ಕುದುರೆಗಳ ಕಡಿವಾಣದವರೆಗೆ ಏರುತ್ತದೆ. ರೇಮಂಡನ ಕಡಿವಾಣ ಅಲ್ಲಿಂದ ಬಂದದ್ದು. ಅವನು ಕಂಡದ್ದನ್ನು ಹೇಳುತ್ತಿಲ್ಲ, ಕಂಡದ್ದಕ್ಕೆ ಅರ್ಥ ಹಚ್ಚುತ್ತಿದ್ದಾನೆ. ಸತ್ತವರು ಆ ಊರಿನ ಗಂಡಸರು ಹೆಂಗಸರಲ್ಲ, ತೊಟ್ಟಿಯಲ್ಲಿ ಬಿದ್ದ ದ್ರಾಕ್ಷಿ. ತುಳಿದದ್ದು ನಮ್ಮ ಕಾಲಲ್ಲ, ದೇವರದು. ಇದು ನ್ಯಾಯವಾದ ತೀರ್ಪೆಂದು ಆತ ಬಾಯಿಬಿಟ್ಟೇ ಹೇಳುತ್ತಾನೆ. ಅಲಂಕಾರವೆಂದರೆ ಸೊಬಗಿಗಾಗಿ ಬರುವುದೆಂದು ನಾವು ಪಾಠ ಹೇಳುತ್ತೇವೆ. ಇಲ್ಲಿ ಅದು ಕೈ ತೊಳೆದುಕೊಳ್ಳುವುದಕ್ಕಾಗಿ ಬಂದಿದೆ.

ಇದರ ಪಕ್ಕದಲ್ಲಿ 'ಗೆಸ್ತಾ ಫ್ರಾಂಕೋರುಂ' ಎಂಬ ಗ್ರಂಥವನ್ನಿಟ್ಟು ನೋಡಿರಿ. ಬರೆದವನ ಹೆಸರು ಗೊತ್ತಿಲ್ಲ, ಶೈಲಿಯೂ ಒರಟು. ನೆತ್ತರು ಅವನಲ್ಲಿಯೂ ಉಂಟು, ಆದರೆ ಪಾದದ ಗಂಟಿನವರೆಗೆ ಮಾತ್ರ. ಮಸೀದಿಯ ಮಾಳಿಗೆ ಹತ್ತಿದವರಿಗೆ ಅಭಯವಾಗಿ ಟ್ಯಾಂಕ್ರೆಡ್ ಮತ್ತು ಬಿಯಾರ್ನಿನ ಗಾಸ್ಟನ್ ತಮ್ಮ ಧ್ವಜಗಳನ್ನು ಕೊಟ್ಟರು, ಮಾರನೆಯ ಬೆಳಗ್ಗೆ ಬೇರೆ ಕ್ರೂಸೇಡರು ಹತ್ತಿಹೋಗಿ ಅವರನ್ನು ಕೊಂದರು, ಟ್ಯಾಂಕ್ರೆಡ್ ಸಿಟ್ಟಾದ. ಆಮೇಲೆ, ಬದುಕುಳಿದವರ ಕೈಯಿಂದಲೇ ಹೆಣಗಳನ್ನು ಬಾಗಿಲಾಚೆಗೆ ಎಳೆಸಿ, ಮನೆಗಳಷ್ಟು ಎತ್ತರಕ್ಕೆ ಒಟ್ಟಿಸಿದರು. ಇದೂ ಹೋಲಿಕೆಯೇ. ಆದರೆ ಮನೆ ಶಾಸ್ತ್ರಗ್ರಂಥದಿಂದ ಬಂದದ್ದಲ್ಲ, ಕಣ್ಣಳತೆಯಿಂದ ಬಂದದ್ದು. ಚರಿತ್ರಕಾರ ಫುಲ್ಶರ್ ಮುತ್ತಿಗೆಯಲ್ಲಿರಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಬಂದ. ಐದು ತಿಂಗಳಾದರೂ ಮೂಗು ಬಾಯಿ ಮುಚ್ಚಿಕೊಂಡು ನಡೆಯಬೇಕಾಯಿತೆನ್ನುತ್ತಾನೆ. ಆ ನಾತವನ್ನು ಯಾವ ಗ್ರಂಥದಿಂದಲೂ ಕಡ ತರಬೇಕಾಗಿರಲಿಲ್ಲ.

ಇನ್ನು ಸತ್ತವರ ಸಂಖ್ಯೆ. ಶತಮಾನ ಕಳೆದ ಮೇಲೆ ಬರೆದ ಇಬ್ನ್ ಅಲ್-ಅಥೀರ್ ಮಸೀದಿಯಲ್ಲಿ ಎಪ್ಪತ್ತು ಸಾವಿರ ಜನ ಸತ್ತರೆನ್ನುತ್ತಾನೆ. ಆ ಕಾಲದವನೇ ಆದ, ಜೆರೂಸಲೇಮಿನಲ್ಲಿ ಓದಿದ್ದ ಸೆವಿಲ್ಲೆಯ ಇಬ್ನ್ ಅಲ್-ಅರಬಿ (ಸೂಫಿ ಅರಬಿ ಬೇರೆ) ಕೊಡುವ ಲೆಕ್ಕ ಮೂರು ಸಾವಿರ. ಈಚಿನ ವಿದ್ವಾಂಸರ ಒಲವು ಚಿಕ್ಕ ಸಂಖ್ಯೆಯ ಕಡೆಗೆ. ಸಂಖ್ಯೆ ಇಳಿದಂತೆ ಅಪರಾಧವೂ ಇಳಿಯಿತೆಂದು ಕೆಲವರು ನಿಟ್ಟುಸಿರು ಬಿಡುವುದನ್ನು ಕಂಡರೆ ನಗು ಬರುತ್ತದೆ, ಒಳ್ಳೆಯ ನಗುವಲ್ಲ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಈ ಯಾವ ಚರಿತ್ರೆಯೂ ಅಲ್ಲ, ಒಂದು ಕಾಗದ. ಕೈರೋದ ಹಳೆಯ ಯೆಹೂದಿ ಮಂದಿರದ ಗೆನಿಜಾ ಕೋಣೆಯಲ್ಲಿ ಉಳಿದಿದ್ದ ಅದನ್ನು ಗೊಯ್ಟೈನ್ ಎಂಬ ವಿದ್ವಾಂಸರು ೧೯೫೨ರಲ್ಲಿ ಪ್ರಕಟಿಸಿದರು. ೧೧೦೦ರಲ್ಲಿ ಅಸ್ಕಲಾನಿನ ಯೆಹೂದಿ ಹಿರಿಯರು ಈಜಿಪ್ಟಿನ ತಮ್ಮವರಿಗೆ ಬರೆದದ್ದು. ಅದರಲ್ಲಿ ರಕ್ತದ ಹೊಳೆಯಿಲ್ಲ. ಸೆರೆಯಾದವರನ್ನು ಬಿಡಿಸಿಕೊಳ್ಳಲು ಮಾಡಿದ ಸಾಲವಿದೆ, ಅವರ ಊಟದ ಖರ್ಚಿದೆ. ಸೂರೆಯಾಗಿದ್ದ ೨೩೦ ಬೈಬಲ್ ಪ್ರತಿಗಳು, ೧೦೦ ಬೇರೆ ಹೊತ್ತಗೆಗಳು, ೮ ತೋರಾ ಸುರುಳಿಗಳನ್ನು ಹಣ ತೆತ್ತು ಮರಳಿ ಪಡೆದ ಲೆಕ್ಕವಿದೆ. ಈ ಶತ್ರುಗಳು ಹೆಂಗಸರ ಮಾನಕ್ಕೆ ಕೈಹಾಕಿದ ಸುದ್ದಿ ತಮಗೆ ಬಂದಿಲ್ಲವೆಂದೂ ಅವರು ಬರೆಯುತ್ತಾರೆ. ಮನೆಮಠ ಕಳೆದುಕೊಂಡವರ ಪಕ್ಷ ಹಿಡಿದವರು ಇಷ್ಟನ್ನು ಬರೆಯಬಲ್ಲರಾದರೆ, ಗೆದ್ದವರ ಪಾದ್ರಿಗೆ ಪ್ರಕಟನೆಯ ನೆರವು ಏಕೆ ಬೇಕಾಯಿತು?

ಸುಮಾರು ಎಂಟು ವರ್ಷದ ಹುಡುಗನೊಬ್ಬ ಇನ್ನೂ ಫ್ರಾಂಕರ ಕೈಯಲ್ಲೇ ಉಳಿದಿದ್ದಾನೆಂದು ಕಾಗದ ತಿಳಿಸುತ್ತದೆ. ಅವನನ್ನು ವರ್ಣಿಸಲು ಬರೆದವರಿಗೆ ಪುರಸೊತ್ತಿಲ್ಲ. ಅವರು ಕೇಳುವುದು ಹಣ.