ಮೊಳ ಯಾರ ಕೈಯದು?

ಬಿನೆ-ಕಾಮತ್ ಬುದ್ಧಿ ಪರೀಕ್ಷೆಯನ್ನು ನಾನು ಒಂದು ಪುಸ್ತಕದ ಹಾಗೆ ಓದ್ತೀನಿ. ಪ್ರತಿ ಲೇಖಕನ ತಲೆಯಲ್ಲೂ ಒಬ್ಬ ಓದುಗ ಇರ್ತಾನಲ್ಲ, ಹಾಗೇ ಪ್ರತಿ ಪರೀಕ್ಷೆಯ ಹಿಂದೆಯೂ ಒಂದು ಮಗು ಇರುತ್ತೆ. ನನ್ನ ಪ್ರಶ್ನೆ ಇಷ್ಟೇ: ಆ ಮಗು ಎಲ್ಲಿಯದು, ಯಾವ ಕಾಲದ್ದು?

ಮೂಲ ಪರೀಕ್ಷೆ ಪ್ಯಾರಿಸ್ಸಿನದು. 1905ರಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ ಅದನ್ನು ಮಾಡಿದ್ದು, ಓದಿನಲ್ಲಿ ಹಿಂದೆ ಬೀಳೋ ಮಕ್ಕಳನ್ನು ಗುರುತಿಸಿ ಹೆಚ್ಚಿನ ನೆರವು ಕೊಡೋಕೆ. ಬುದ್ಧಿ ಹುಟ್ಟಿನಿಂದ ಬಂದಷ್ಟೇ, ಆಮೇಲೆ ಬೆಳೆಯೋದಿಲ್ಲ ಅನ್ನೋ ವಾದವನ್ನು ಬಿನೆ ಒಪ್ಪಲೇ ಇಲ್ಲ. ಆತ ತೀರಿಕೊಂಡ ಮರುವರ್ಷ, 1912ರಲ್ಲಿ, ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿದ. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಅದನ್ನು ನೂರರಿಂದ ಗುಣಿಸಿ ಐಕ್ಯೂವನ್ನು ಮನೆಮಾತು ಮಾಡಿದ. ಬುದ್ಧಿ ವಂಶದಿಂದ ಬರುತ್ತೆ ಅಂತ ನಂಬಿದ್ದವನು ಟರ್ಮನ್. ನೆರವಿನ ಚೀಟಿ ಹಣೆಬರಹವಾಗಿದ್ದು ಹೀಗೆ.

ಕನ್ನಡಕ್ಕೆ ಈ ವಿದ್ಯೆ ಬೇಗನೇ ಬಂತು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಶುರುವಾದ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ, ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಶಿಷ್ಯರು. ಎಲ್ಲ ಬುದ್ಧಿಕೆಲಸದ ಹಿಂದೆ ಒಂದೇ ಸಾಮಾನ್ಯ ಶಕ್ತಿ ಇದೆ ಅಂದ ಅದೇ ಸ್ಪಿಯರ್‌ಮನ್. ಮುಂಬೈ ಪ್ರಾಂತ್ಯದಲ್ಲಿ ವಿ.ವಿ. ಕಾಮತ್ ಬಿನೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಾತಾಡೋ ಮಕ್ಕಳಿಗೆ ಒಗ್ಗಿಸಿ 1934ರಲ್ಲಿ ಪ್ರಕಟಿಸಿದರು. ಇಂಗ್ಲಿಷ್ ಪ್ರಶ್ನೆಗಳನ್ನು ಸುಮ್ಮನೆ ಅನುವಾದಿಸದೆ ಇಲ್ಲಿನ ಮಕ್ಕಳ ಮೇಲೇ ಪರೀಕ್ಷಿಸಿ ನೋಡಿದ್ದು ದೊಡ್ಡ ಕೆಲಸ. ಆ ಗೌರವ ಅವರಿಗೆ ಸಲ್ಲಲೇಬೇಕು.

ಆದರೆ ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಸಿರುಗುಪ್ಪದ ಕಡೆ ಎಷ್ಟೋ ಮನೆಗಳಲ್ಲಿ ಒಂದೇ ಉಸಿರಿಗೆ ಕನ್ನಡ, ತೆಲುಗು ಎರಡೂ ಬರುತ್ತೆ. ಆ ಮನೆಯ ಮಗುವಿಗೆ ಪದಗಳ ಅರ್ಥ ಕೇಳಿದರೆ ನಾವು ಅಳೀತಿರೋದು ಬುದ್ಧಿಯನ್ನೋ, ಪಠ್ಯಪುಸ್ತಕದ ಕನ್ನಡವನ್ನೋ?

1930ರ ದಶಕದ ಶುರುವಿನಲ್ಲಿ ಅಲೆಕ್ಸಾಂಡರ್ ಲೂರಿಯಾ ಉಜ್ಬೇಕಿಸ್ತಾನದ ರೈತರಿಗೆ ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ ತೋರಿಸಿ, ಗುಂಪಿಗೆ ಸೇರದ್ದು ಯಾವುದು ಅಂತ ಕೇಳಿದ್ದ. ಓದು ಬರಹ ಇಲ್ಲದವರು ಎಲ್ಲವೂ ಬೇಕು ಅಂದರು. ದಿಮ್ಮಿನೇ ಇಲ್ಲ ಅಂದ್ಮೇಲೆ ಗರಗಸ ಯಾಕೆ? ಕುರುಗೋಡಿನ ಹೊಲದಲ್ಲಿ ಕುಡುಗೋಲು, ಗುದ್ದಲಿ, ಕೊಡಲಿ, ಮೆಣಸಿನಕಾಯಿ ಇಟ್ಟು ಕೇಳಿ ನೋಡಿ. ಮೆಣಸಿನಕಾಯಿ ಬಿಟ್ಟು ಉಳಿದದ್ದನ್ನು ಮನೆಗೊಯ್ದು ಏನು ಮಾಡೋದ್ರೀ ಅಂದರೆ, ಅದು ತಪ್ಪು ಉತ್ತರವಾ?

ಇದು ಅಂಕ ಇಳಿಸೋ ದೋಷ. ಅಂಕ ಏರಿಸೋ ದೋಷವೂ ಇದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ. ಜಗತ್ತಿನ ಎಷ್ಟೋ ದೇಶಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಐಕ್ಯೂ ಅಂಕ ಏರುತ್ತಾ ಬಂದಿದೆ ಅಂತ ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿದ. ಅಂದ್ರೆ ಅಜ್ಜನ ಕಾಲದ ಮಕ್ಕಳ ಪಕ್ಕ ನಿಲ್ಲಿಸಿದರೆ ಇವತ್ತಿನ ಮಗು ಇರೋದಕ್ಕಿಂತ ಎತ್ತರ ಕಾಣುತ್ತೆ. 2016ರ ಕಾಯ್ದೆಯ ಪ್ರಕಾರ ಪ್ರಮಾಣಪತ್ರದಲ್ಲಿ ವೈಕಲ್ಯ ಶೇ. 40 ಮುಟ್ಟದಿದ್ದರೆ ಮುಖ್ಯ ಸೌಲಭ್ಯಗಳ ಬಾಗಿಲು ತೆರೆಯಲ್ಲ. ನೆರವು ನಿಜಕ್ಕೂ ಬೇಕಾದ ಮಗುವಿಗೆ 70ರ ಮೇಲೆ ನಾಲ್ಕು ಅಂಕ ಬಂದುಬಿಟ್ಟರೆ? ಕೂಲಿ ಬಿಟ್ಟು, ಬಸ್ಸು ಹತ್ತಿ ಬಳ್ಳಾರಿಗೆ ಬಂದ ಅವ್ವ ಖಾಲಿ ಕೈಯಲ್ಲಿ ವಾಪಸ್ ಹೋಗ್ತಾಳೆ.

ಒಂದು ದೋಷ ಕೆಳಗೆ ಎಳೆಯುತ್ತೆ, ಇನ್ನೊಂದು ಮೇಲಕ್ಕೆ. ಒಂದಕ್ಕೊಂದು ಸರಿಹೋಗುತ್ತೆ ಅಂತ ಯಾರು ಲೆಕ್ಕ ಹಾಕಿದ್ದಾರೆ?

ಬೆಂಗಳೂರಲ್ಲಿ ಆಪ್ಟಿಟ್ಯೂಡ್ ರೌಂಡ್ ದಾಟಿ ಕೆಲಸಕ್ಕೆ ಸೇರಿದ ನಮಗೆ ಇದು ದೂರದ ವಿಷಯ ಅನ್ನಿಸಬಹುದು. ಆದರೆ ಗುಂಪಿಗೆ ಸೇರದ್ದನ್ನು ಆರಿಸಿ, ಸರಣಿ ಪೂರ್ತಿ ಮಾಡಿ ಅನ್ನೋ ಪ್ರಶ್ನೆಗಳು ಇದೇ ಮನೆತನದವು. ನಾವು ಗೆದ್ದಿದ್ದು ಒಂದಿಷ್ಟು ಬುದ್ಧಿಯಿಂದ, ಒಂದಿಷ್ಟು ಆ ಆಟ ಮೊದಲೇ ಗೊತ್ತಿದ್ದರಿಂದ.

ಪರೀಕ್ಷೆಯನ್ನು ಸುಟ್ಟುಹಾಕಿ ಅಂತ ನಾನು ಹೇಳಲ್ಲ. ಅಳತೆಯೇ ಇಲ್ಲದಿದ್ದರೆ ನೆರವು ಶಿಫಾರಸು ಇದ್ದವರಿಗಷ್ಟೇ ಸಿಗುತ್ತೆ. ಆದರೆ ಬಳ್ಳಾರಿಯ ಹೂವಿನ ಅಂಗಡಿ ಮುಂದೆ ನಿಂತವರು ಕೂಡ ಮಾರೋಳ ಕೈ ಎಷ್ಟು ಉದ್ದ ಅಂತ ನೋಡಿಯೇ ಮೊಳಕ್ಕೆ ಚೌಕಾಸಿ ಮಾಡ್ತಾರೆ. ಮಗುವಿನ ವರದಿಯಲ್ಲೂ ಅಷ್ಟು ಕಾಣಲಿ: ಯಾವ ಪರೀಕ್ಷೆ, ಯಾವ ಇಸವಿಯ ಮಕ್ಕಳ ಜೊತೆ ಹೋಲಿಕೆ, ಯಾವ ಭಾಷೆಯಲ್ಲಿ ಕೇಳಿದ್ದು. ಉಣ್ಣೋದು, ಉಡೋದು, ಅಂಗಡಿಗೆ ಹೋಗಿ ಚಿಲ್ಲರೆ ತರೋದು ಮಗುವಿಗೆ ಬರುತ್ತಾ ಅನ್ನೋದಕ್ಕೂ ಅಷ್ಟೇ ತೂಕ ಇರಲಿ. ಜೊತೆಗೆ, ಈ ಸೀಮೆಯ ಮಕ್ಕಳನ್ನೇ ಕೂರಿಸಿಕೊಂಡು, ಅವರ ಮಾತಿನಲ್ಲೇ, ಹೊಸ ಅಳತೆ ಆಗಲಿ. ಕಾಮತರು ತೊಂಬತ್ತು ವರ್ಷದ ಹಿಂದೆ ಮಾಡಿದ್ದು ಅದನ್ನೇ ಅಲ್ವಾ?